80 ಕಿಲೋಮೀಟರ್‌ನಲ್ಲಿ 16 ಸಾವಿರ ಕಿಲೋಮೀಟರ್ ಸವೆದ ಟೈರ್

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಕಳೆದ ಕಂತಿನಲ್ಲಿ ಟ್ರ್ಯಾಕ್ ಡೇ ಬಗ್ಗೆ ಸುಮ್ನೆ ಎರಡು ಮಾತು ಹೇಳಿದ್ದೆ. ಅದಾದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ದೀರಿ. "ನನ್ನ ಹತ್ತಿರ ಇರೋದು ಮಾಮೂಲಿ ಮನೆ ಕಾರು. ಏನೂ ಬದಲಾಯಿಸಿಲ್ಲ. ಅದನ್ನೇ ಟ್ರ್ಯಾಕ್‌ಗೆ ತಗೊಂಡು ಹೋದ್ರೆ ಟೈರ್ ಎಷ್ಟು ಸವೆಯುತ್ತೆ?" ಇವತ್ತು ಅದಕ್ಕೆ ಉತ್ತರ ಹೇಳ್ತೀನಿ. ಲೆಕ್ಕ ಸಮೇತ ಹೇಳ್ತೀನಿ, ಯಾಕಂದ್ರೆ ನಾನು ಓದಿರೋದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ನನಗೆ ಟೈರ್ ಅರ್ಥ ಆಗಿದ್ದೇ ಲೆಕ್ಕದ ಪುಸ್ತಕದ ಮೂಲಕ.

ಜೊತೆಗೆ ಒಂದು ಘಟನೆನೂ ಹೇಳ್ಬೇಕು. ಅದನ್ನ ಇಲ್ಲಿವರೆಗೆ ಮನೆಯಲ್ಲೂ ಪೂರ್ತಿ ಹೇಳಿಲ್ಲ. ಅಮ್ಮ ಈ ಪಾಡ್‌ಕಾಸ್ಟ್ ಕೇಳ್ತಾರೆ. ಅಮ್ಮ, ಇವತ್ತು ಕೊನೆವರೆಗೆ ಕೇಳು, ಮಧ್ಯದಲ್ಲಿ ಫೋನ್ ಮಾಡ್ಬೇಡ.

ಮೊದಲು, ಗೊತ್ತಿಲ್ಲದವರಿಗೆ: ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ. ರೇಸ್ ಟ್ರ್ಯಾಕನ್ನ ಒಂದು ದಿನಕ್ಕೆ ತೆರೆದಿಡ್ತಾರೆ, ದುಡ್ಡು ಕಟ್ಟಿ ನಿಮ್ಮದೇ ಕಾರನ್ನ ಓಡಿಸಬಹುದು. ಹೆಲ್ಮೆಟ್ ಹಾಕ್ಕೋಬೇಕು, ಧ್ವಜದ ನಿಯಮ ಕಲಿಬೇಕು, ಎಲ್ಲಿ ಓವರ್‌ಟೇಕ್ ಮಾಡಬಹುದು ಅಂತ ಮೊದಲೇ ಹೇಳಿರ್ತಾರೆ. ಹದಿನೈದು, ಇಪ್ಪತ್ತು ನಿಮಿಷದ ಸೆಷನ್‌ಗಳು. ನಮ್ಮ ಬೆಂಗಳೂರಿನವರು ಕಾರ್ ತಗೊಂಡು ಹೋಗೋದು ಸಾಮಾನ್ಯವಾಗಿ ಚೆನ್ನೈ ಕಡೆಗೆ, ಇಲ್ಲಾ ಕೊಯಮತ್ತೂರು ಕಡೆಗೆ. ನಾನು ಹೋಗೋದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿರೋ ಮದ್ರಾಸ್ ಟ್ರ್ಯಾಕ್‌ಗೆ. ಸುಮಾರು 3.7 ಕಿಲೋಮೀಟರ್ ಉದ್ದ, 12 ತಿರುವು. ಬೆಂಗಳೂರಿಂದ ಹೋಗಿ ಬರೋದಕ್ಕೆ 600 ಕಿಲೋಮೀಟರ್‌ಗಿಂತ ಹೆಚ್ಚು.

ಈ 600 ಕಿಲೋಮೀಟರ್ ನೆನಪಿಟ್ಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ. ರೇಸ್ ತಂಡದವರು ಟೈರನ್ನ ಲಾರಿಯಲ್ಲಿ ತರ್ತಾರೆ. ನಾವು ಟ್ರ್ಯಾಕಲ್ಲಿ ಉಜ್ಜಿದ ಅದೇ ಟೈರ್ ಮೇಲೆ ಮನೆಗೆ ವಾಪಸ್ ಬರಬೇಕು.

ಮೊದಲ ದಿನದ ಲೆಕ್ಕ

ನನ್ನದು ಸ್ವಿಫ್ಟ್, ಪೆಟ್ರೋಲ್. ಟೈರ್ ಸೈಜ್ 185/65 ಆರ್ 15. ಸಸ್ಪೆನ್ಷನ್, ಬ್ರೇಕ್, ಏನೂ ಮುಟ್ಟಿಲ್ಲ. ಮೊದಲ ಸಲ ಹೋಗಿದ್ದು ಜೂನ್ ತಿಂಗಳಲ್ಲಿ. ಆಗ ಟೈರ್ 15,000 ಕಿಲೋಮೀಟರ್ ಓಡಿತ್ತು. ಹೊಸದರಲ್ಲಿ ಏಳೂವರೆ ಮಿಲಿಮೀಟರ್ ಇದ್ದ ಗುಂಡಿ ಆಗ 6 ಮಿಲಿಮೀಟರ್‌ಗೆ ಬಂದಿತ್ತು. ಗುಂಡಿ ಅಂದ್ರೆ ಟೈರ್ ಮೇಲೆ ಸುತ್ತಲೂ ಇರುತ್ತಲ್ಲ, ನೀರು ಹೋಗೋ ಕಾಲುವೆ ಥರ, ಅದರ ಆಳ. ನಮ್ಮ ಅಂಗಡಿಗಳಲ್ಲಿ ಬಟನ್ ಅಂತಾರೆ. "ಬಟನ್ ಎಷ್ಟಿದೆ?" ಅಂತ ಕೇಳೋದು ಇದನ್ನೇ.

ನಾಲ್ಕು ಸೆಷನ್ ಓಡಿಸಿದೆ. ಒಟ್ಟು 22 ಸುತ್ತು. ಅಂದ್ರೆ ಟ್ರ್ಯಾಕ್ ಮೇಲೆ ಸುಮಾರು 80 ಕಿಲೋಮೀಟರ್. ಮನೆಗೆ ಬಂದು ಡೆಪ್ತ್ ಗೇಜ್ ಹಿಡಿದು ಅಳೆದೆ. ಮುಂದಿನ ಎಡ ಟೈರ್: ಒಳಗಡೆ ಗುಂಡಿ 5.8, ಮಧ್ಯದ್ದು 5.5, ಹೊರಗಡೆಯದು 4.4. ಮುಂದಿನ ಬಲ ಟೈರಿನ ಹೊರಗಡೆ 5.2. ಹಿಂದಿನ ಎರಡು ಟೈರಲ್ಲಿ ಅಳತೆಗೆ ಸಿಗೋಷ್ಟು ಸವೆತವೇ ಇಲ್ಲ ಅನ್ನಬಹುದು.

ಒಂದೇ ಕಾರು, ಒಂದೇ ದಿನ, ಒಂದೇ ರಸ್ತೆ. ಆದ್ರೆ ಒಂದು ಟೈರಿನ ಒಂದು ಅಂಚು 1.6 ಮಿಲಿಮೀಟರ್ ಕಳ್ಕೊಂಡಿದೆ, ಇನ್ನೊಂದು ಟೈರ್ ಏನೂ ಆಗದ ಹಾಗೆ ಕೂತಿದೆ.

ಈಗ ಲೆಕ್ಕ. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೆ ಓಡಿಸಬಹುದು. ಗುಂಡಿಯೊಳಗೆ ಅಡ್ಡಡ್ಡ ಸಣ್ಣ ದಿಣ್ಣೆ ಇರುತ್ತೆ, ಟೈರ್ ಅದರ ಮಟ್ಟಕ್ಕೆ ಬಂದ್ರೆ ಮುಗೀತು. ಆದ್ರೆ ಮಳೆಯಲ್ಲಿ ಓಡಿಸೋ ನಾನು ನನಗೆ ಹಾಕ್ಕೊಂಡಿರೋ ಗೆರೆ 3 ಮಿಲಿಮೀಟರ್. ಏಳೂವರೆಯಿಂದ ಮೂರರವರೆಗೆ, ನಾನು ಖರ್ಚು ಮಾಡೋಕೆ ಇರೋದು ನಾಲ್ಕೂವರೆ ಮಿಲಿಮೀಟರ್. ಒಂದು ಟೈರಿಗೆ ನಾನು ಕೊಟ್ಟಿದ್ದು 5,600 ರೂಪಾಯಿ. ಒಂದು ಮಿಲಿಮೀಟರ್‌ಗೆ ಸುಮಾರು 1,240 ರೂಪಾಯಿ ಬಿತ್ತು. ಆ ದಿನ ಆ ಒಂದು ಟೈರಿನ ಮೇಲೆ ಸುಮಾರು 2,000 ರೂಪಾಯಿ ಉಜ್ಜಿ ಹಾಕಿದ್ದೀನಿ. ಸುತ್ತಿಗೆ 90 ರೂಪಾಯಿ, ಒಂದೇ ಟೈರಿಗೆ.

ಇನ್ನೊಂದು ಥರ ನೋಡಿ. ಊರಲ್ಲಿ ಓಡಿಸುವಾಗ 15,000 ಕಿಲೋಮೀಟರ್‌ಗೆ ಒಂದೂವರೆ ಮಿಲಿಮೀಟರ್ ಹೋಗಿತ್ತು. ಅಂದ್ರೆ ಒಂದು ಮಿಲಿಮೀಟರ್‌ಗೆ 10,000 ಕಿಲೋಮೀಟರ್. ಟ್ರ್ಯಾಕಲ್ಲಿ ಹೋದ 1.6 ಮಿಲಿಮೀಟರ್ ಅಂದ್ರೆ 16,000 ಕಿಲೋಮೀಟರ್ ರಸ್ತೆಯ ಆಯಸ್ಸು. ಅದನ್ನ 80 ಕಿಲೋಮೀಟರಲ್ಲಿ ತಿಂದು ಮುಗಿಸಿದ್ದೀನಿ. ಒಂದಕ್ಕೆ ಇನ್ನೂರು ಪಟ್ಟು.

ನಮ್ಮ ಕಾಮರ್ಸ್ ಪುಸ್ತಕದಲ್ಲಿ ಡಿಪ್ರಿಸಿಯೇಷನ್‌ಗೆ ಕನ್ನಡದಲ್ಲಿ ಸವಕಳಿ ಅಂತಾರೆ. ಕಾಲೇಜಲ್ಲಿ ಆ ಪದ ಬರೀ ಪರೀಕ್ಷೆಗೆ ಅಂತ ಓದಿದ್ದು. ಅವತ್ತು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈಗೆ ಅಂಟಿದ ಕಪ್ಪು ರಬ್ಬರ್ ಪುಡಿ ನೋಡಿದಾಗ, ಓ, ಸವಕಳಿ ಅಂದ್ರೆ ಇದು ಅಂತ ಅನ್ನಿಸ್ತು.

ಯಾಕೆ ಎಡಗಡೆ ಮುಂದಿನದೇ?

ಇದಕ್ಕೆ ಮೂರು ಕಾರಣ. ಮೊದಲನೆಯದು, ಮನೆ ಕಾರುಗಳಲ್ಲಿ ಹೆಚ್ಚಿನವು ಫ್ರಂಟ್ ವೀಲ್ ಡ್ರೈವ್. ಎಂಜಿನ್ ಮುಂದೆ, ಭಾರ ಮುಂದೆ, ಎಳೆಯೋದೂ ಮುಂದಿನ ಚಕ್ರ, ತಿರುಗಿಸೋದೂ ಮುಂದಿನ ಚಕ್ರ, ಬ್ರೇಕ್ ಒತ್ತಿದಾಗ ಭಾರ ಬಂದು ಬೀಳೋದೂ ಮುಂದಿನ ಚಕ್ರದ ಮೇಲೇ. ಮನೆಯಲ್ಲಿ ದುಡಿಯೋ ಮಗ ಒಬ್ಬನೇ ಇದ್ದಾಗ ಆಗುತ್ತಲ್ಲ, ಹಾಗೆ. ಹಿಂದಿನ ಟೈರ್ ಬರೀ ಜೊತೆಗೆ ಬರ್ತಿರುತ್ತೆ.

ಎರಡನೆಯದು, ಟ್ರ್ಯಾಕಿನ ದಿಕ್ಕು. ಈ ಟ್ರ್ಯಾಕ್ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ಓಡುತ್ತೆ. ಒಟ್ಟಾರೆ ಬಲಕ್ಕೆ ತಿರುಗೋದು ಜಾಸ್ತಿ. ಬಲಕ್ಕೆ ತಿರುಗಿದಾಗ ಕಾರು ಎಡಕ್ಕೆ ವಾಲುತ್ತೆ, ಭಾರ ಎಡ ಟೈರಿನ ಮೇಲೆ. ಬಸ್ಸು ತಿರುವಲ್ಲಿ ಹೋಗುವಾಗ ನಿಂತವರೆಲ್ಲ ಒಂದು ಕಡೆ ವಾಲ್ತಾರಲ್ಲ, ಅದೇ.

ಮೂರನೆಯದು ಕ್ಯಾಂಬರ್. ಕಾರನ್ನ ಮುಂದೆ ನಿಂತು ನೋಡಿದ್ರೆ ಚಕ್ರ ನೆಟ್ಟಗೆ ನಿಂತಿದೆಯಾ, ಮೇಲ್ಭಾಗ ಒಳಗೆ ವಾಲಿದೆಯಾ, ಆ ಕೋನ. ರೇಸ್ ಕಾರಲ್ಲಿ ಚಕ್ರದ ತಲೆ ಒಳಗೆ ವಾಲಿರುತ್ತೆ. ತಿರುವಲ್ಲಿ ಕಾರು ಹೊರಗೆ ವಾಲಿದಾಗ ಟೈರ್ ಸಮವಾಗಿ ರಸ್ತೆಗೆ ಕೂರಲಿ ಅಂತ. ಮನೆ ಕಾರಲ್ಲಿ ಚಕ್ರ ಹೆಚ್ಚುಕಡಿಮೆ ನೆಟ್ಟಗೆ ಇರುತ್ತೆ, ದಿನಾ ನೇರ ರಸ್ತೆಯಲ್ಲಿ ಹೋಗೋಕೆ ಅದೇ ಸರಿ. ಆದ್ರೆ ಟ್ರ್ಯಾಕಲ್ಲಿ ಕಾರು ವಾಲಿದ ತಕ್ಷಣ ಟೈರ್ ತನ್ನ ಹೊರಗಿನ ಭುಜದ ಮೇಲೆ ನಿಲ್ಲುತ್ತೆ. ಟೈರ್ ರಸ್ತೆಗೆ ತಾಗೋದೇ ಒಂದು ಅಂಗೈಯಷ್ಟು ಜಾಗ. ಅದರಲ್ಲೂ ಎಲ್ಲ ಭಾರ ಒಂದು ಅಂಚಿಗೆ. ಹಳೇ ಚಪ್ಪಲಿ ನೋಡಿ, ಹಿಮ್ಮಡಿಯ ಹೊರಗಿನ ಅಂಚು ಮೊದಲು ಸವೆದಿರುತ್ತೆ. ಮಧ್ಯದಲ್ಲಿ ಚೆನ್ನಾಗಿದೆ ಅಂತ ಆ ಚಪ್ಪಲಿನ ಚೆನ್ನಾಗಿದೆ ಅನ್ನೋಕಾಗಲ್ಲ.

ಇದರ ಮೇಲೆ ನಮ್ಮ ತಪ್ಪು ಸೇರುತ್ತೆ. ಹೊಸಬರು ತಿರುವಿಗೆ ಜೋರಾಗಿ ಬಂದುಬಿಡ್ತೀವಿ. ಕಾರು ತಿರುಗಲ್ಲ, ನೇರ ಹೋಗ್ತಿರುತ್ತೆ. ಇದಕ್ಕೆ ಅಂಡರ್‌ಸ್ಟಿಯರ್ ಅಂತಾರೆ. ಆಗ ನಾವೇನು ಮಾಡ್ತೀವಿ? ಸ್ಟಿಯರಿಂಗ್ ಇನ್ನೂ ತಿರುಗಿಸ್ತೀವಿ. ಜಾರ್ತಿರೋ ಟೈರನ್ನ ಇನ್ನಷ್ಟು ಅಡ್ಡ ಮಾಡಿದ್ರೆ ಅದು ಹಿಡಿತ ಕೊಡಲ್ಲ, ರಬ್ಬರ್ ಥರ ರಸ್ತೆ ಮೇಲೆ ಉಜ್ಜಿಕೊಳ್ಳುತ್ತೆ ಅಷ್ಟೇ. ಕಿವಿಗೆ ಕೇಳುತ್ತೆ ಅದು. ಟೈರ್ ಸಣ್ಣಗೆ ಗುನುಗಿದ್ರೆ ಕೆಲಸ ಮಾಡ್ತಿದೆ ಅಂತ. ಕಿರುಚಿಕೊಂಡ್ರೆ ಸಾಯ್ತಿದೆ ಅಂತ.

ಅಕ್ಟೋಬರ್ ತಿಂಗಳ ವಾಪಸ್ ಪ್ರಯಾಣ

ಈಗ ಆ ಘಟನೆ.

ಎರಡನೇ ಸಲ ಹೋಗಿದ್ದು ನಾಲ್ಕು ತಿಂಗಳ ನಂತರ, ಅಕ್ಟೋಬರಲ್ಲಿ. ಅಮ್ಮ ಮತ್ತು ಚಿಕ್ಕಮ್ಮ "ಹೇಗೂ ಅಷ್ಟು ದೂರ ಹೋಗ್ತೀಯ, ನಮ್ಮನ್ನ ಕಂಚಿಯಲ್ಲಿ ಬಿಡು" ಅಂದ್ರು. ಕಾಮಾಕ್ಷಿ ದರ್ಶನ, ಆಮೇಲೆ ಸೀರೆ ಅಂಗಡಿ. ಕಾಂಚೀಪುರ ದಾರಿಯಲ್ಲೇ ಸಿಗುತ್ತೆ. ಹಿಂದಿನ ದಿನವೇ ಹೋಗಿ ಅಲ್ಲೇ ಉಳ್ಕೊಂಡು, ಬೆಳಿಗ್ಗೆ ಅವರನ್ನ ಅಲ್ಲಿ ಬಿಟ್ಟು ನಾನು ಟ್ರ್ಯಾಕಿಗೆ ಹೋದೆ.

ಹೋಗೋ ಮೊದಲು ಟೈರ್ ನೋಡಿದ್ದೆ. ಏನು ನೋಡಿದೆ? ಮಧ್ಯದ ಗುಂಡಿ. ಗೇಜ್ ಸಿಗಲಿಲ್ಲ ಅಂತ ನಾಣ್ಯ ಇಟ್ಟು ನೋಡಿದೆ, ಐದು ಮಿಲಿಮೀಟರ್ ಥರ ಕಾಣ್ತು, ಸಾಕು ಅಂದ್ಕೊಂಡೆ. ಹೊರಗಿನ ಗುಂಡಿ ಮೊದಲ ದಿನವೇ 4.4ಕ್ಕೆ ಬಂದಿತ್ತು, ಆಮೇಲೆ ಊರಲ್ಲಿ 3,000 ಕಿಲೋಮೀಟರ್ ಓಡಿ 4.1 ಆಗಿರಬೇಕು. ನಾನೇ ಬರೆದಿಟ್ಟ ಸಂಖ್ಯೆ ಫೋನಲ್ಲೇ ಇತ್ತು. ತೆಗೆದು ನೋಡಲಿಲ್ಲ.

ಬಿ.ಕಾಂ. ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ: ಸ್ಟಾಕ್ ಬೆಲೆ ಕಟ್ಟುವಾಗ ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದನ್ನ ತಗೋಬೇಕು. ಟೈರಿಗೂ ಅದೇ ನಿಯಮ. ಎಲ್ಲಿ ಕಡಿಮೆಯೋ ಅದೇ ಆ ಟೈರಿನ ಬೆಲೆ. ಮಧ್ಯದ ಸಂಖ್ಯೆ ಹೇಳಿ ನನಗೆ ನಾನೇ ಸುಳ್ಳು ಲೆಕ್ಕ ತೋರಿಸಿದ್ದೆ.

ಟ್ರ್ಯಾಕಲ್ಲಿ ಎರಡನೇ ತಪ್ಪು. ಬೆಳಿಗ್ಗೆ ಗಾಳಿ 33 ಪಿಎಸ್‌ಐ ಇತ್ತು, ಬಾಗಿಲ ಹತ್ತಿರ ಸ್ಟಿಕ್ಕರಲ್ಲಿ ಬರೆದಿರೋಷ್ಟೇ. ಮೊದಲ ಸೆಷನ್ ಮುಗಿಸಿ ಬಂದು ನೋಡಿದ್ರೆ 41. ಟೈರ್ ಬಿಸಿಯಾದ್ರೆ ಒಳಗಿನ ಗಾಳಿ ಹಿಗ್ಗುತ್ತೆ, ಒತ್ತಡ ಏರುತ್ತೆ, ಸಹಜ. ಆದ್ರೆ ನಾನು "ಅಯ್ಯೋ, 41 ಜಾಸ್ತಿ ಆಯ್ತು, ಸ್ಟಿಕ್ಕರಲ್ಲಿ 33 ಅಂತ ಇದೆ" ಅಂತ ನಾಲ್ಕೂ ಟೈರಿಂದ ಗಾಳಿ ಬಿಟ್ಟು 33ಕ್ಕೆ ತಂದೆ. ಸ್ಟಿಕ್ಕರಲ್ಲಿರೋದು ತಣ್ಣಗಿರೋ ಟೈರಿನ ಸಂಖ್ಯೆ. ಬಿಸಿಯಲ್ಲಿ 33 ಅಂದ್ರೆ, ತಣ್ಣಗಾದ ಮೇಲೆ ಅದು 26. ಗಾಳಿ ಕಡಿಮೆ ಆದಷ್ಟೂ ಟೈರಿನ ಪಕ್ಕೆ ಮೆತ್ತಗಾಗಿ ತಿರುವಲ್ಲಿ ಇನ್ನೂ ಮಡಚಿಕೊಳ್ಳುತ್ತೆ, ಅದೇ ಹೊರಗಿನ ಭುಜ ಇನ್ನೂ ಉಜ್ಜಿಕೊಳ್ಳುತ್ತೆ. ಅದರ ಮೇಲೆ ಆ ದಿನ ನನಗೆ ಲ್ಯಾಪ್ ಟೈಮಿನ ಹುಚ್ಚು. ಜೂನಿಗಿಂತ ಎರಡು ಸೆಕೆಂಡ್ ಕಡಿಮೆ ಮಾಡ್ಬೇಕು ಅಂತ ಐದು ಸೆಷನ್ ಬಿಡದೆ ಓಡಿಸಿದೆ. ಆಯ್ತೂ ಕೂಡ. ತುಂಬಾ ಖುಷಿಯಲ್ಲಿದ್ದೆ.

ಸಂಜೆ ಕಂಚಿಗೆ ಬಂದು ಇಬ್ಬರನ್ನೂ ಹತ್ತಿಸ್ಕೊಂಡೆ. ಎರಡು ಸೀರೆ ಡಬ್ಬ, ಒಂದು ಚೀಲ ಪ್ರಸಾದ. ಗಾಳಿ ವಾಪಸ್ ತುಂಬಿಸಲಿಲ್ಲ. ನೆನಪೇ ಆಗಲಿಲ್ಲ.

ಆಂಬೂರು ದಾಟಿ ವಾಣಿಯಂಬಾಡಿ ಕಡೆ ಬರ್ತಿದ್ವಿ. ಜೋರು ಮಳೆ. ಚಿಕ್ಕಮ್ಮ ನಿದ್ದೆ ಮಾಡ್ತಿದ್ರು, ಅಮ್ಮ ನನ್ನ ಪಕ್ಕ ಕೂತಿದ್ರು. ವೇಗ 90. ರಸ್ತೆಯ ಎಡಗಡೆ ಒಂದು ಕಡೆ ನೀರು ನಿಂತಿತ್ತು, ಕತ್ತಲಲ್ಲಿ ಕಾಣಲಿಲ್ಲ. ಸ್ಟಿಯರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಆಯ್ತು. ಕೈಯಲ್ಲಿ ಏನೂ ಇಲ್ಲ ಅನ್ನೋ ಹಾಗೆ. ಎಂಜಿನ್ ಸದ್ದು ಏರ್ತು, ಕಾರು ಎಡಕ್ಕೆ ಎಳೀತು. ಎಡಗಡೆ ಇಂಡಿಕೇಟರ್ ಇಲ್ಲದೆ ನಿಂತಿದ್ದ ಒಂದು ಲಾರಿ. ಬ್ರೇಕ್ ಒತ್ತಲಿಲ್ಲ, ಸ್ಟಿಯರಿಂಗ್ ತಿರುಗಿಸಲಿಲ್ಲ, ಬರೀ ಆಕ್ಸಿಲರೇಟರ್ ಬಿಟ್ಟೆ. ಬುದ್ಧಿವಂತಿಕೆಯಿಂದ ಅಲ್ಲ, ಏನೂ ತೋಚಲಿಲ್ಲ ಅಷ್ಟೇ. ಒಂದು ಕ್ಷಣ ಆದ ಮೇಲೆ ಟೈರ್ ಮತ್ತೆ ರಸ್ತೆ ಹಿಡೀತು. ಲಾರಿ ಪಕ್ಕದಲ್ಲಿ ಹಿಂದೆ ಹೋಯ್ತು.

ಅಮ್ಮ ಕೇಳಿದ್ರು, "ಏನಾಯ್ತೋ?"

"ಏನಿಲ್ಲಮ್ಮ, ನೀರು" ಅಂದೆ.

ಅಷ್ಟೇ ಹೇಳಿದ್ದು. ಲಾರಿಗೂ ನಮಗೂ ಎಷ್ಟು ಅಂತರ ಇತ್ತು ಅಂತ ಹೇಳಲಿಲ್ಲ. ಅದು ಮಳೆ ತಪ್ಪಲ್ಲ, ನನ್ನ ತಪ್ಪು ಅಂತಾನೂ ಹೇಳಲಿಲ್ಲ.

ಮುಂದಿನ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಗಾಳಿ ನೋಡಿದೆ. 27. ಟಾರ್ಚ್ ಹಾಕಿ ಎಡ ಟೈರ್ ನೋಡಿದೆ. ಹೊರಗಿನ ಭುಜದಲ್ಲಿ ಗುಂಡಿಗಳ ಗುರುತೇ ಮಾಸಿ ನುಣ್ಣಗಾಗಿತ್ತು. ಮನೆಗೆ ಬಂದು ಅಳೆದಾಗ ಹೊರಗಿನ ಗುಂಡಿ 2.2. ಮಧ್ಯದ್ದು ಇನ್ನೂ 4.6.

ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. 1960ರ ದಶಕದಲ್ಲಿ ಅಮೆರಿಕದ ನಾಸಾದವರು ವಿಮಾನದ ಚಕ್ರ ನೀರಿನ ಮೇಲೆ ಯಾವ ವೇಗದಲ್ಲಿ ತೇಲುತ್ತೆ ಅಂತ ಪರೀಕ್ಷೆ ಮಾಡಿದ್ರು. ಆ ವೇಗ ಟೈರಿನ ಒತ್ತಡದ ವರ್ಗಮೂಲದ ಮೇಲೆ ನಿಂತಿದೆ ಅಂತ ಕಂಡ್ಕೊಂಡ್ರು. ಆ ಸೂತ್ರ ವಿಮಾನದ ಟೈರಿಗೆ, ಕಾರಿಗೆ ಅಂದಾಜು ಮಾತ್ರ. ಆದ್ರೂ ಹಾಕಿ ನೋಡಿದೆ. 34 ಪಿಎಸ್‌ಐಗೆ ಗಂಟೆಗೆ ಸುಮಾರು 97 ಕಿಲೋಮೀಟರ್. 27ಕ್ಕೆ ಸುಮಾರು 87. ನಾನು ಹೋಗ್ತಿದ್ದಿದ್ದು 90. ನೀರು ಹೊರಹಾಕೋಕೆ ಗುಂಡಿ ಆಳವಾಗಿದ್ರೆ ಟೈರಿಗೆ ಇನ್ನೂ ಸ್ವಲ್ಪ ಅವಕಾಶ ಇರುತ್ತೆ. ನನ್ನ ಟೈರಲ್ಲಿ ಅದೂ ಇರಲಿಲ್ಲ. ಗಾಳಿನೂ ಕಡಿಮೆ, ಗುಂಡಿನೂ ಕಡಿಮೆ. ಎರಡನ್ನೂ ಬೆಳಿಗ್ಗೆ ನಾನೇ ಖರ್ಚು ಮಾಡಿ ಬಂದಿದ್ದೆ.

ಟೈರ್ ಅಂಗಡಿ ಅಣ್ಣ ಹೇಳಿದ್ದು

ಮಾರನೇ ದಿನ ನಮ್ಮ ಬೀದಿ ಕೊನೆಯ ಟೈರ್ ಅಂಗಡಿಗೆ ಹೋದೆ. ಅಲ್ಲಿನ ಅಣ್ಣ ನಾನು ಸ್ಕೂಲ್ ಸೈಕಲ್ ಪಂಕ್ಚರ್ ಹಾಕಿಸ್ತಿದ್ದ ಕಾಲದಿಂದ ಪರಿಚಯ. ಟೈರ್ ನೋಡಿ, "ಏನಪ್ಪಾ, ಕಾರನ್ನ ಅರೆಯೋ ಕಲ್ಲಿಗೆ ಹಿಡಿದಿದ್ಯಾ?" ಅಂದ್ರು. ಆಮೇಲೆ ಬೊಗಸೆಯಲ್ಲಿ ಹಿಡಿದ ಹಾಗೆ ಟೈರ್ ಮೇಲೆ ಅಂಗೈ ಇಟ್ಟು ಹೊರಗಿಂದ ಒಳಗೆ ಸವರಿದ್ರು, ಒಳಗಿಂದ ಹೊರಗೆ ಸವರಿದ್ರು. "ಒಂದು ಕಡೆಗೆ ನುಣುಪು, ಒಂದು ಕಡೆಗೆ ಗರಗಸ. ಕೈ ಇಟ್ಟಿದ್ರೆ ನಿನಗೇ ಗೊತ್ತಾಗ್ತಿತ್ತು. ಕಣ್ಣಲ್ಲಿ ನೋಡ್ಬೇಡ, ಕೈಯಲ್ಲಿ ನೋಡು" ಅಂದ್ರು.

ಮುಂದಿನ ಎರಡು ಟೈರ್ ಬದಲಾಯಿಸಿದೆ. 11,200 ರೂಪಾಯಿ. ಹಾಗೆ ನೋಡಿದ್ರೆ ಅವುಗಳಲ್ಲಿ ಒಳಗಡೆ ಅರ್ಧಕ್ಕಿಂತ ಹೆಚ್ಚು ರಬ್ಬರ್ ಉಳಿದಿತ್ತು. ಅದಕ್ಕೆ ಯಾವ ಬೆಲೆನೂ ಇಲ್ಲ.

ಈಗ ನಾನು ಮಾಡೋದು

ಅದಾದ ಮೇಲೆ ಮತ್ತೆ ಹೋಗಿದ್ದೀನಿ. ಬಿಟ್ಟಿಲ್ಲ. ಆದ್ರೆ ರೀತಿ ಬದಲಾಗಿದೆ. ಒಂದೊಂದಾಗಿ ಹೇಳ್ತೀನಿ.

ಒಂದು, 12 ಸಂಖ್ಯೆ. ನಾಲ್ಕು ಟೈರ್, ಪ್ರತಿ ಟೈರಲ್ಲಿ ಒಳಗೆ, ಮಧ್ಯ, ಹೊರಗೆ. ಡೆಪ್ತ್ ಗೇಜ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಹೋಗೋ ಮೊದಲು, ಟ್ರ್ಯಾಕಲ್ಲಿ ಮಧ್ಯಾಹ್ನ, ವಾಪಸ್ ಹೊರಡೋ ಮೊದಲು. ನನ್ನ ನಿಯಮ: ಹೊರಗಿನ ಗುಂಡಿ 5 ಮಿಲಿಮೀಟರ್‌ಗಿಂತ ಕಡಿಮೆ ಇದ್ರೆ ಬೆಂಗಳೂರಿಂದ ಹೊರಡೋದೇ ಇಲ್ಲ. ಎರಡು ಮಿಲಿಮೀಟರ್ ಟ್ರ್ಯಾಕಿಗೆ, ಮೂರು ಮನೆ ದಾರಿಗೆ. ಮೂರು ಅನ್ನೋದು ಮೀಸಲು ನಿಧಿ. ಅದನ್ನ ಮುಟ್ಟೋ ಹಾಗಿಲ್ಲ, ಕೊನೆ ಸೆಷನ್ ಎಷ್ಟೇ ಆಸೆ ಹುಟ್ಟಿಸಿದ್ರೂ.

ಎರಡು, ಗಾಳಿ. ತಣ್ಣಗಿದ್ದಾಗ ಎಷ್ಟಿತ್ತು, ಬಿಸಿಯಾದಾಗ ಎಷ್ಟಾಯ್ತು, ಎರಡನ್ನೂ ಬರೆದಿಡಿ. ಬಿಸಿ ಟೈರಿನ ಸಂಖ್ಯೆಯನ್ನ ಸ್ಟಿಕ್ಕರ್ ಜೊತೆ ಹೋಲಿಸಬೇಡಿ. ಸರಿಯಾದ ಒತ್ತಡ ಎಷ್ಟು ಅಂತ ಕೇಳೋಕೆ ಸೀಮೆಸುಣ್ಣ ಸಾಕು. ಟೈರಿನ ಭುಜದ ಮೇಲೆ, ಬಟನ್‌ನಿಂದ ಪಕ್ಕೆವರೆಗೆ ಅಡ್ಡ ಗೆರೆ ಎಳೆಯಿರಿ, ಮೂರು ನಾಲ್ಕು ಕಡೆ. ಎರಡು ಮೂರು ಸುತ್ತು ಹೊಡೆದು ಬಂದು ನೋಡಿ. ಎಷ್ಟೋ ಟೈರುಗಳ ಭುಜದ ಅಂಚಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತೆ. ಗೆರೆ ಆ ತ್ರಿಕೋನದವರೆಗೆ ಅಳಿಸಿದ್ರೆ ಸರಿ. ಅದನ್ನ ದಾಟಿ ಪಕ್ಕೆವರೆಗೂ ಅಳಿಸಿದ್ರೆ ಟೈರ್ ಮಡಚಿಕೊಳ್ತಿದೆ, ಗಾಳಿ ಸಾಲದು. ತುಂಬಾ ಮೇಲೇ ನಿಂತಿದ್ರೆ ಗಾಳಿ ಜಾಸ್ತಿ. ಮತ್ತೆ, ಡಿಕ್ಕಿಯಲ್ಲಿ ಒಂದು 12 ವೋಲ್ಟ್ ಪಂಪ್. ಟೈರ್ ತಣ್ಣಗಾದ ಮೇಲೆ ಸ್ಟಿಕ್ಕರಿನ ಸಂಖ್ಯೆಗೆ ತುಂಬಿಸದೆ ಗೇಟ್ ದಾಟೋ ಹಾಗಿಲ್ಲ.

ಮೂರು, ಮೊದಲ ಸುತ್ತು ನಿಧಾನ, ಕೊನೆ ಸುತ್ತು ನಿಧಾನ. ಬಿಸಿಯಾದ ರಬ್ಬರ್ ಇನ್ನಷ್ಟು ಬಿಸಿಯಾದ್ರೆ ಚೂರು ಚೂರಾಗಿ ಕಿತ್ತು ಬರುತ್ತೆ. ಬಿಸಿ ಆಗೋದು, ತಣ್ಣಗಾಗೋದು, ಹೀಗೆ ಎಷ್ಟೋ ಸಲ ಆದ ಟೈರ್ ಗಟ್ಟಿಯಾಗುತ್ತೆ. ಬಟನ್ ಇದ್ರೂ ಹಿಡಿತ ಇರಲ್ಲ. ಐದಾರು ಸುತ್ತು ಜೋರಾಗಿ ಓಡಿಸಿ, ಮುಂಭಾಗ ಜಾರೋಕೆ ಶುರು ಮಾಡ್ತು ಅನ್ನಿಸಿದ್ರೆ ಒಳಗೆ ಬನ್ನಿ. ಇನ್ನೂ ಜೋರಾಗಿ ತಿರುಗಿಸಿ ಗೆಲ್ಲೋಕಾಗಲ್ಲ.

ನಾಲ್ಕು, ತಿರುವಿಗೆ ನಿಧಾನವಾಗಿ ಹೋಗಿ. ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ, ಸ್ಟಿಯರಿಂಗ್ ನೆಟ್ಟಗಾಗ್ತಾ ಹೋದ ಹಾಗೆ ಆಕ್ಸಿಲರೇಟರ್. ನಂಬ್ತೀರೋ ಇಲ್ವೋ, ಟೈರ್ ಉಳಿಸೋಕೆ ಅಂತ ಹೀಗೆ ಓಡಿಸಿದ ದಿನವೇ ನನ್ನ ಅತಿ ಕಡಿಮೆ ಲ್ಯಾಪ್ ಟೈಮ್ ಬಂದಿದ್ದು.

ಐದು, ರೊಟೇಷನ್. ಪ್ರತಿ ಟ್ರ್ಯಾಕ್ ಡೇ ಆದ ಮೇಲೆ ಮುಂದಿನದು ಹಿಂದೆ, ಹಿಂದಿನದು ಮುಂದೆ. ಇದರಲ್ಲಿ ಒಂದು ಎಚ್ಚರಿಕೆ ಇದೆ. ಮಳೆಯಲ್ಲಿ ಹಿಂದಿನ ಟೈರ್ ಜಾರಿದ್ರೆ ಕಾರು ಗಿರಕಿ ಹೊಡೆಯುತ್ತೆ, ಮುಂದಿನದು ಜಾರಿದ್ದಕ್ಕಿಂತ ಅದು ಅಪಾಯ. ಅದಕ್ಕೇ ಪೂರ್ತಿ ಸವೆದ ಟೈರನ್ನ ಹಿಂದೆ ಬಚ್ಚಿಡೋದಕ್ಕೆ ರೊಟೇಷನ್ ಅನ್ನಬೇಡಿ. ಇನ್ನೂ ಚೆನ್ನಾಗಿರುವಾಗಲೇ ಬದಲಾಯಿಸ್ತಾ ಬನ್ನಿ. ಟೈರ್ ಮೇಲೆ ತಿರುಗೋ ದಿಕ್ಕಿನ ಬಾಣದ ಗುರುತಿದ್ರೆ ಅದೇ ಪಕ್ಕದಲ್ಲೇ ಹಿಂದೆ ಮುಂದೆ ಮಾಡ್ಬೇಕು.

ಆರು, ಕ್ಯಾಂಬರ್. ವರ್ಷಕ್ಕೆ ಒಂದು ಎರಡು ಸಲ ಹೋಗೋರು ತಲೆ ಕೆಡಿಸ್ಕೊಳ್ಬೇಡಿ. ಹೆಚ್ಚು ಹೋಗೋರು ಕ್ಯಾಂಬರ್ ಬೋಲ್ಟ್ ಹಾಕಿಸಿ ಚಕ್ರದ ತಲೆಯನ್ನ ಒಂದು ಒಂದೂವರೆ ಡಿಗ್ರಿ ಒಳಗೆ ವಾಲಿಸ್ತಾರೆ. ಹೊರ ಭುಜ ಉಳಿಯುತ್ತೆ. ಆದ್ರೆ ಊರಲ್ಲಿ ಓಡಿಸುವಾಗ ಒಳಗಿನ ಅಂಚಿಗೆ ಭಾರ ಬೀಳುತ್ತೆ. ಯಾವ ಖಾತೆಯಿಂದ ತೆಗೆದು ಯಾವುದಕ್ಕೆ ಹಾಕ್ತಿದ್ದೀವಿ ಅನ್ನೋದು ಗೊತ್ತಿರಲಿ.

ಏಳು, ಒಬ್ಬ ಕೇಳುಗರ ಪ್ರಶ್ನೆ: "ಟ್ರೆಡ್‌ವೇರ್ ಸಂಖ್ಯೆ ಜಾಸ್ತಿ ಇರೋ ಟೈರ್ ತಗೊಂಡ್ರೆ ಆಗಲ್ವಾ?" ಎಷ್ಟೋ ಟೈರುಗಳ ಪಕ್ಕೆಯಲ್ಲಿ 200, 300, 400 ಅಂತ ಸಂಖ್ಯೆ ಇರುತ್ತೆ. ಜಾಸ್ತಿ ಇದ್ದಷ್ಟೂ ನಿಧಾನ ಸವೆಯುತ್ತೆ ಅಂತ ಅರ್ಥ. ಆದ್ರೆ ಆ ಸಂಖ್ಯೆ ಬರೋದು ಸಾಮಾನ್ಯ ರಸ್ತೆಯಲ್ಲಿ ಓಡಿಸಿದ ಪರೀಕ್ಷೆಯಿಂದ, ಟ್ರ್ಯಾಕಿಂದಲ್ಲ. ಕೊಡೋದೂ ಆಯಾ ಕಂಪನಿಯೇ, ಹಾಗಾಗಿ ಎರಡು ಕಂಪನಿ ನಡುವೆ ಹೋಲಿಸೋಕೆ ಹೋಗಬೇಡಿ. ಮೈಲೇಜ್‌ಗಾಗಿ ಮಾಡಿದ ಟೈರ್ ಟ್ರ್ಯಾಕಿನ ಬಿಸಿಗೆ ಬೇಗ ಸೋಲುತ್ತೆ. ಟೈರಿನ ವಯಸ್ಸನ್ನೂ ನೋಡಿ. ಪಕ್ಕೆಯಲ್ಲಿ ನಾಲ್ಕು ಅಂಕೆ ಇರುತ್ತೆ. 2322 ಅಂದ್ರೆ 2022ರ 23ನೇ ವಾರ ತಯಾರಾಗಿದ್ದು.

ಇನ್ನೊಂದು ಲೆಕ್ಕದ ಮಾತು. ನಮ್ಮ ಸಾಮಾನ್ಯ ಕಾರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಹೋಗೋ ಮೊದಲು ನಿಮ್ಮ ಪಾಲಿಸಿ ತೆಗೆದು ಆ ಪುಟ ಓದಿ. ಟ್ರ್ಯಾಕಲ್ಲಿ ಆಗೋ ನಷ್ಟ ನಿಮ್ಮ ಜೇಬಿಂದಲೇ ಅಂತ ತಿಳ್ಕೊಂಡೇ ಹೊರಡಿ.

ಕೊನೆಗೆ

ಇತ್ತೀಚೆಗೆ ಹೋದಾಗ ಮಧ್ಯಾಹ್ನದ ಅಳತೆಯಲ್ಲಿ ಮುಂದಿನ ಎಡ ಟೈರಿನ ಹೊರಗಿನ ಗುಂಡಿ 3.4 ತೋರಿಸ್ತು. ಇನ್ನೂ ಎರಡು ಸೆಷನ್ ಬಾಕಿ, ದುಡ್ಡು ಕಟ್ಟಿ ಆಗಿದೆ. ಪಕ್ಕದಲ್ಲಿದ್ದ ಹುಡುಗರು "ಬಾ ಗುರೂ, ಇನ್ನೊಂದು ಹೋಗೋಣ, ಏನೂ ಆಗಲ್ಲ" ಅಂತ ಕರೆದ್ರು. ಹೋಗಿದ್ರೆ ನಿಜವಾಗಲೂ ಏನೂ ಆಗ್ತಿರಲಿಲ್ಲವೇನೋ. ಆ ದಿನ ಮಳೆನೂ ಇರಲಿಲ್ಲ. ಆದ್ರೆ ಹೆಲ್ಮೆಟ್ ತೆಗೆದು ಬ್ಯಾಗಿಗೆ ಹಾಕಿದೆ. ಟೈರ್ ತಣ್ಣಗಾಗೋವರೆಗೆ ಬೇರೆಯವರು ಓಡಿಸೋದನ್ನ ನೋಡ್ತಾ ಕೂತೆ, ಗಾಳಿ ತುಂಬಿಸಿದೆ, ಹೊರಟೆ. ಕಾಮರ್ಸ್‌ನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ. ಕಟ್ಟಿದ ದುಡ್ಡು ಹೋಯ್ತು, ಅದನ್ನ ನೋಡಿ ಮುಂದಿನ ತೀರ್ಮಾನ ಮಾಡಬಾರದು. ಪರೀಕ್ಷೆಯಲ್ಲಿ ಬರೆಯೋದು ಸುಲಭ, ಪಿಟ್‌ನಲ್ಲಿ ಕೂತು ಪಾಲಿಸೋದು ಕಷ್ಟ.

ನೀವು ಹೋಗ್ಬೇಡಿ ಅಂತ ನಾನು ಹೇಳಲ್ಲ. ಹೋಗಿ. ರಸ್ತೆಯಲ್ಲಿ ಹುಚ್ಚಾಟ ಆಡೋದಕ್ಕಿಂತ ಟ್ರ್ಯಾಕಲ್ಲಿ ಓಡಿಸೋದು ಸಾವಿರ ಪಾಲು ಮೇಲು. ಟೈರ್ ಸವೆದೇ ಸವೆಯುತ್ತೆ, ಅದು ಆ ಖುಷಿಯ ಬೆಲೆ. ನಾನು ಹೇಳೋದು ಇಷ್ಟೇ: ಟ್ರ್ಯಾಕಿಗೆ ಎಷ್ಟು ಕೊಡಬಹುದು ಅಂತ ಮನೆಯಲ್ಲೇ ತೀರ್ಮಾನ ಮಾಡಿ ಹೋಗಿ. ಅಲ್ಲಿ ಹೋದ ಮೇಲೆ ಯಾರಿಗೂ ಲೆಕ್ಕ ನೆನಪಿರಲ್ಲ.

ಅಮ್ಮ, ಅವತ್ತು ನೀರಿಂದ ಆಗಿದ್ದಲ್ಲ. ಈಗ ಫೋನ್ ಮಾಡು, ಬೈಸ್ಕೊಳ್ತೀನಿ.

ಮುಂದಿನ ಕಂತಿನಲ್ಲಿ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಬಗ್ಗೆ ಮಾತಾಡೋಣ. ನಿಮ್ಮ 12 ಸಂಖ್ಯೆ ಅಳೆದು ಕಳಿಸಿ, ಊರು ಮತ್ತು ಕಾರಿನ ಹೆಸರು ಸೇರಿಸಿ. ಒಟ್ಟು ಸೇರಿಸಿ ಒಂದು ಪಟ್ಟಿ ಮಾಡೋಣ. ಅಲ್ಲಿವರೆಗೆ ಹುಷಾರಾಗಿ ಓಡಿಸಿ. ನಮಸ್ಕಾರ.